ನೀರು ನೋಡಿ ದೋಣಿ ಕೊಳ್ಳಿ: ಹಾಸನ, ಚಿಕ್ಕಮಗಳೂರಿನ ಹೊಸಬರಿಗೆ ಕಯಾಕ್ ಮಾರ್ಗದರ್ಶಿ

ಅರಸೀಕೆರೆ, ಕಡೂರಿನ ಕಡೆಯ ಬಯಲುಸೀಮೆಯನ್ನು ಬದಿಗಿಟ್ಟರೆ, ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಬಹುತೇಕ ಊರುಗಳಿಗೆ ಒಂದು ಹಿನ್ನೀರೋ ದೊಡ್ಡ ಕೆರೆಯೋ ದೂರವಲ್ಲ. ಯಾವುದೋ ಹೋಮ್‌ಸ್ಟೇಯ ಕೆರೆಯಲ್ಲಿ ಅರ್ಧ ಗಂಟೆ ಕಯಾಕ್ (ಎರಡು ಕಡೆಯೂ ಅಲಗಿರುವ ಹುಟ್ಟಿನಿಂದ ಸಾಗಿಸುವ ಕಿರುದೋಣಿ) ನಡೆಸಿ ರುಚಿ ಹತ್ತಿದವರು ಸ್ವಂತಕ್ಕೊಂದು ಕೊಳ್ಳಬೇಕೆಂದು ಹೊರಟಾಗ ಸಾಮಾನ್ಯವಾಗಿ ಮೊದಲು ನೋಡುವುದು ಬಣ್ಣವನ್ನು, ಆಮೇಲೆ ಬೆಲೆಯನ್ನು. ಆದರೆ ಆಯ್ಕೆಯನ್ನು ತೀರ್ಮಾನಿಸಬೇಕಾದ ಸಂಗತಿಗಳು ಬೇರೆ: ಯಾವ ನೀರಿಗೆ ಇಳಿಯುತ್ತೀರಿ, ಮತ್ತು ಮನೆಯಿಂದ ಆ ನೀರಿನ ಅಂಚಿನವರೆಗೆ ದೋಣಿಯನ್ನು ಹೇಗೆ ಒಯ್ಯುತ್ತೀರಿ. ಇವೆರಡಕ್ಕೆ ಉತ್ತರ ಸಿಕ್ಕ ಮೇಲೆ ಅಂಗಡಿಯಲ್ಲಿ ಆಯ್ದುಕೊಳ್ಳಲು ಉಳಿಯುವುದು ಸ್ವಲ್ಪವೇ. ಇಲ್ಲಿ ಹೇಳಿರುವುದೆಲ್ಲ ನಿಂತ ನೀರಿನ ವಿಹಾರದ ಕಯಾಕ್‌ಗೆ ಸಂಬಂಧಿಸಿದ್ದು. ಮಳೆಗಾಲದ ಭದ್ರಾ ಹೊಳೆಯಲ್ಲಿ ರ‍್ಯಾಫ್ಟಿಂಗ್ ನಡೆಯುವಂಥ ರಭಸದ ನೀರಿಗೆ ಬೇರೆಯೇ ದೋಣಿ, ಬೇರೆಯೇ ತರಬೇತಿ ಬೇಕು.

ಮೊದಲ ಹೆಜ್ಜೆ: ನೀರನ್ನು ಗೊತ್ತುಮಾಡಿಕೊಳ್ಳುವುದು

ನಮ್ಮ ಕಡೆ ಹೊಸಬರ ಕಣ್ಣಿಗೆ ಬೀಳುವ ನೀರೆಂದರೆ ಗೊರೂರಿನ ಹೇಮಾವತಿ ಹಿನ್ನೀರು, ಬೇಲೂರಿನ ಪಕ್ಕದ ಯಗಚಿ, ಸಖರಾಯಪಟ್ಟಣದ ಬಳಿಯ ಅಯ್ಯನಕೆರೆ, ಲಕ್ಕವಳ್ಳಿಯ ಭದ್ರಾ ಜಲಾಶಯ, ಮತ್ತು ತೋಟಗಳೊಳಗಿನ ಖಾಸಗಿ ಕೆರೆಗಳು. ಕಣ್ಣಿಗೆ ಬಿದ್ದ ನೀರಿಗೆಲ್ಲ ಇಳಿಯಲು ಬರುವುದಿಲ್ಲ. ಹೇಮಾವತಿ ಮತ್ತು ಯಗಚಿ ಕಾವೇರಿ ನೀರಾವರಿ ನಿಗಮಕ್ಕೆ ಸೇರಿದವು. ಭದ್ರಾ ಜಲಾಶಯವನ್ನು ಹುಲಿ ಸಂರಕ್ಷಿತ ಪ್ರದೇಶದ ಕಾಡು ಸುತ್ತುವರಿದಿರುವುದರಿಂದ ಅಲ್ಲಿ ಅರಣ್ಯ ಇಲಾಖೆಯ ಮಾತೇ ಅಂತಿಮ. ನೀರು ಇಳಿದಾಗ ತಲೆಯೆತ್ತುವ ನಡುಗಡ್ಡೆಗಳಲ್ಲಿ ರಿವರ್ ಟರ್ನ್ ಹಕ್ಕಿಗಳು ಮೊಟ್ಟೆಯಿಡುತ್ತವೆ, ದಡದಲ್ಲಿ ಮೊಸಳೆಗಳೂ ಇವೆ. ಚಿಕ್ಕಮಗಳೂರಿನ ಹಿರೇಕೊಳಲೆ ಕೆರೆ ಎಷ್ಟೇ ಚೆಂದವಾಗಿ ಕಂಡರೂ ಅದು ನಗರಕ್ಕೆ ಕುಡಿಯುವ ನೀರು ಕೊಡುವ ಕೆರೆ ಎಂಬುದನ್ನು ಮರೆಯಬಾರದು. ಊರ ಕೆರೆಗಳಾದರೆ ಗ್ರಾಮ ಪಂಚಾಯಿತಿಯಲ್ಲೋ ಸಣ್ಣ ನೀರಾವರಿ ಇಲಾಖೆಯಲ್ಲೋ ಕೇಳಬೇಕು. ಜೊತೆಗೆ, ಮೀನು ಹಿಡಿಯುವ ಹಕ್ಕನ್ನು ಗುತ್ತಿಗೆಗೆ ಪಡೆದವರನ್ನೂ ಕೇಳಬೇಕು, ಏಕೆಂದರೆ ಅವರ ಬಲೆಗಳು ಎಲ್ಲಿವೆಯೆಂದು ಅವರಿಗೆ ಮಾತ್ರ ಗೊತ್ತು. ಇದನ್ನೆಲ್ಲ ದೋಣಿ ಕೊಳ್ಳುವ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಅನುಮತಿಯ ತೊಡಕಿಲ್ಲದ ಒಂದು ನೀರು ಕೂಡ ಸಿಗದಿದ್ದರೆ ಕೊಳ್ಳುವ ಆಲೋಚನೆಯನ್ನೇ ಕೈಬಿಟ್ಟು, ಯಗಚಿಯಲ್ಲಿರುವಂಥ ಜಲಕ್ರೀಡಾ ಕೇಂದ್ರದಲ್ಲಿ ಬಾಡಿಗೆಗೆ ಪಡೆಯುವುದೇ ಲೇಸು. ಕೊಳ್ಳಲು ನಿರ್ಧರಿಸಿದವರೂ ಮೊದಲು ಅಂಥಲ್ಲಿ ಹೋಗಿ, ಬೇರೆ ಬೇರೆ ಬಗೆಯ ದೋಣಿಗಳಲ್ಲಿ ಕೂತು ನೋಡಬೇಕು. ಸೀಟು ಬೆನ್ನಿಗೆ ಹೊಂದುತ್ತದೆಯೇ ಎಂಬುದು ಹತ್ತು ನಿಮಿಷದಲ್ಲಿ ತಿಳಿಯುವುದಿಲ್ಲ. ಮುಕ್ಕಾಲು ಗಂಟೆ ಕೂತ ಮೇಲೆ ತಾನಾಗಿ ತಿಳಿಯುತ್ತದೆ.

ಜಲಾಶಯದ ನೀರು ವರ್ಷವಿಡೀ ಒಂದೇ ಮಟ್ಟದಲ್ಲಿರುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹೇಮಾವತಿಯ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 2922 ಅಡಿ. ಪತ್ರಿಕೆಗಳು ಮಳೆಗಾಲದಲ್ಲಿ ದಿನವೂ ಕೊಡುವ ಜಲಾಶಯಗಳ ಪಟ್ಟಿಯಲ್ಲಿ ಇಂದಿನ ಮಟ್ಟ, ಒಳಹರಿವು, ಹೊರಹರಿವು ಮೂರೂ ಇರುತ್ತವೆ; ರೈತರು ಓದುವಷ್ಟೇ ಶ್ರದ್ಧೆಯಿಂದ ಕಯಾಕ್ ಇರುವವರೂ ಅದನ್ನು ಓದಬೇಕು. ನೀರು ತುಂಬಿದಾಗ ರಸ್ತೆಯಂಚಿನಿಂದಲೇ ದೋಣಿ ಇಳಿಸಬಹುದಾದ ಜಾಗದಲ್ಲಿ ಮಾರ್ಚ್ ಹೊತ್ತಿಗೆ ನೀರಿನಂಚು ದೂರ ಸರಿದು, ನಡುವೆ ಕಾಲು ಹೂತುಹೋಗುವ ಕೆಸರು ಬಿದ್ದಿರುತ್ತದೆ. ಇಪ್ಪತ್ತೈದು ಕಿಲೋ ತೂಕದ ದೋಣಿಯನ್ನು ಆ ಕೆಸರಿನಲ್ಲಿ ಒಬ್ಬರೇ ಹೊತ್ತು ನಡೆಯಲಾರರು. ಇನ್ನೊಂದು ಮಾತು: ಹೇಮಾವತಿ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಾಗ ಅದರ ನೀರಿನಡಿ ಊರುಗಳು ಮುಳುಗಿದವು. ಶೆಟ್ಟಿಹಳ್ಳಿಯ ಪಾಳು ಚರ್ಚು ಎಲ್ಲರ ಕಣ್ಣಿಗೂ ಕಾಣುತ್ತದೆ, ಕಾಣದ ಗೋಡೆ, ಮರದ ಬೊಡ್ಡೆಗಳು ಬೇರೆಡೆಯೂ ಇವೆ. ತುಂಬಿದ ನೀರಿನಲ್ಲಿ ಅವು ತಳದಲ್ಲೆಲ್ಲೋ ಇರುತ್ತವೆ. ನೀರು ಇಳಿಯುತ್ತ ಬಂದಂತೆ ಮೇಲ್ಮೈಯಿಂದ ಒಂದು ಗೇಣಿನ ಕೆಳಗೆ ಬಂದು ನಿಲ್ಲುತ್ತವೆ. ಗಟ್ಟಿ ಪ್ಲಾಸ್ಟಿಕ್ಕಿನ ದೋಣಿಗೆ ಅವುಗಳಿಂದ ಆಗುವುದು ಗೀರು, ಗಾಳಿ ತುಂಬುವ ದೋಣಿಗಾದರೆ ತೂತು.

ಯಾವ ಬಗೆಯದು

ವಿಹಾರದ ಕಯಾಕ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೇಲೆ ಕೂರುವ ದೋಣಿಯಲ್ಲಿ ಒಳಗೆ ಇಳಿಯುವ ಪ್ರಶ್ನೆಯೇ ಇಲ್ಲ, ಮುಚ್ಚಿದ ಟೊಳ್ಳು ಒಡಲಿನ ಮೇಲೆ ಸೀಟು ಮಾಡಿರುತ್ತಾರೆ. ಆರಪಾರ ಇರುವ ಸ್ಕಪ್ಪರ್ ರಂಧ್ರಗಳ ಮೂಲಕ ಮೇಲೆ ಬಿದ್ದ ನೀರು ತಾನಾಗಿ ಬಸಿದುಹೋಗುತ್ತದೆ, ಮಗುಚಿದರೂ ಒಳಗೆ ನೀರು ತುಂಬುವುದಿಲ್ಲ, ನೀರಿನ ನಡುವೆಯೇ ಮತ್ತೆ ಹತ್ತಿ ಕೂರಬಹುದು. ಒಳಗೆ ಕೂರುವ ದೋಣಿಯಲ್ಲಿ ಕಾಲು ಚಾಚಿಕೊಂಡು ಒಡಲಿನೊಳಗೆ ಕೂರುತ್ತೇವೆ. ಮೈ ಕಡಿಮೆ ನೆನೆಯುತ್ತದೆ, ಗಾಳಿಗೆ ಸಿಕ್ಕುವುದು ಕಡಿಮೆ, ಅದೇ ಉದ್ದದಲ್ಲಿ ತುಸು ಹಗುರವಾಗಿಯೂ ಇರುತ್ತದೆ. ಆದರೆ ಅದು ಮಗುಚಿ ನೀರು ತುಂಬಿಕೊಂಡರೆ ದಡಕ್ಕೆ ಎಳೆದು ತರುವುದಲ್ಲದೆ ಹೊಸಬರಿಗೆ ಬೇರೆ ದಾರಿಯಿಲ್ಲ, ತುಂಬಿದ ದೋಣಿಯನ್ನು ಎಳೆಯುವುದಂತೂ ಸಣ್ಣ ಕೆಲಸವಲ್ಲ. ಚಳಿ ನೀರಿನ ದೇಶಗಳಲ್ಲಿ ಒಳಗೆ ಕೂರುವ ದೋಣಿಗೆ ಅರ್ಥವಿದೆ. ನಮ್ಮ ಹವೆಯಲ್ಲಿ ಮೈ ನೆನೆದರೆ ಹಿತವೇ ಆಗುವುದರಿಂದ, ಮೊದಲ ದೋಣಿಯಾಗಿ ಮೇಲೆ ಕೂರುವುದನ್ನೇ ಆರಿಸಿಕೊಳ್ಳಿ ಎಂದು ನಾನು ಹಿಂಜರಿಕೆಯಿಲ್ಲದೆ ಹೇಳುತ್ತೇನೆ.

ಮೂರನೆಯದು ಗಾಳಿ ತುಂಬುವ ದೋಣಿ. ಹಾಸನ ಪಟ್ಟಣದ ಬಾಡಿಗೆ ಮನೆಯಲ್ಲಿ, ಎರಡನೆಯ ಮಹಡಿಯಲ್ಲಿ ಇರುವವರಿಗೆ, ಕಾರಿನ ಮೇಲೆ ಕ್ಯಾರಿಯರ್ ಇಲ್ಲದವರಿಗೆ ಇದೇ ಸರಿ: ಮಡಿಸಿದರೆ ಡಿಕ್ಕಿಯಲ್ಲಿ ಕೂರುತ್ತದೆ, ಒಬ್ಬರೇ ಹೊರಬಹುದು. ಆಟಿಕೆಯ ದಪ್ಪದ ಹಾಳೆಯಿಂದ ಮಾಡಿದ್ದನ್ನು ಕೊಳ್ಳಬಾರದು. ಬಟ್ಟೆಯ ಒಳಪದರವಿರುವ ದಪ್ಪ ಪಿವಿಸಿ, ಬೇರೆ ಬೇರೆಯಾಗಿ ಗಾಳಿ ತುಂಬುವ ಕನಿಷ್ಠ ಮೂರು ಕೋಣೆಗಳು, ತಳದಲ್ಲಿ ಸಿಕ್ಕಿಸುವ ರೆಕ್ಕೆ ಇವಿಷ್ಟೂ ಇರಬೇಕು. ಆ ರೆಕ್ಕೆ ಇಲ್ಲದಿದ್ದರೆ ದೋಣಿ ನೆಟ್ಟಗೆ ಸಾಗದೆ ಪ್ರತಿ ಹುಟ್ಟಿಗೂ ಮೂತಿ ತಿರುಗಿಸುತ್ತದೆ. ಗಾಳಿ ತುಂಬಲು ಅದರದೇ ಪಂಪು ಮತ್ತು ಒತ್ತಡ ತೋರುವ ಮೀಟರು ಬಳಸಬೇಕೇ ಹೊರತು ಪಂಕ್ಚರ್ ಅಂಗಡಿಯ ಕಂಪ್ರೆಸರಿಗೆ ಒಡ್ಡಬಾರದು, ಹೊಲಿಗೆ ಬಿಟ್ಟುಹೋಗುತ್ತದೆ. ಬಿಸಿಲಿನಲ್ಲಿ ದಡಕ್ಕೆ ಎಳೆದಿಟ್ಟಾಗ ಒಳಗಿನ ಗಾಳಿ ಹಿಗ್ಗುವುದರಿಂದ ಸ್ವಲ್ಪ ಬಿಟ್ಟು, ಮತ್ತೆ ಇಳಿಸುವ ಮೊದಲು ತುಂಬಿಕೊಳ್ಳಬೇಕು.

ಅಳತೆ ಮತ್ತು ತೂಕ

ದೋಣಿ ಉದ್ದವಾದಷ್ಟೂ ನೆಟ್ಟಗೆ, ವೇಗವಾಗಿ ಸಾಗುತ್ತದೆ. ಅಗಲವಾದಷ್ಟೂ ಅಲುಗಾಟ ಕಡಿಮೆ, ಆದರೆ ನಡೆಸುವ ಶ್ರಮ ಹೆಚ್ಚು. ಹೊಸಬರಿಗೆ ಒಂಬತ್ತರಿಂದ ಹನ್ನೊಂದು ಅಡಿ ಉದ್ದ, 28ರಿಂದ 32 ಅಂಗುಲ ಅಗಲ ಸರಿಹೋಗುತ್ತದೆ. ಇಂಥ ದೋಣಿಯಲ್ಲಿ ಆರಾಮವಾಗಿ ಹುಟ್ಟುಹಾಕಿದರೆ ಗಂಟೆಗೆ ನಾಲ್ಕೈದು ಕಿಲೋಮೀಟರ್ ಸಾಗಬಹುದು, ಅದಕ್ಕಿಂತ ಹೆಚ್ಚಿನ ಲೆಕ್ಕ ಹಾಕಿ ದೂರದ ದಡವನ್ನು ಗುರಿಯಿಡಬಾರದು. ದೋಣಿಯ ಮೇಲೆ ಬರೆದ ಗರಿಷ್ಠ ಭಾರವನ್ನು ಪೂರ್ತಿ ನಂಬುವುದೂ ಬೇಡ. ನಿಮ್ಮ ತೂಕ, ನೀರಿನ ಬಾಟಲಿ, ಬುತ್ತಿ, ಚೀಲ ಎಲ್ಲ ಸೇರಿ ಆ ಅಂಕಿಯ ಮೂರನೆಯ ಎರಡು ಭಾಗವನ್ನು ಮೀರದಿದ್ದರೆ ದೋಣಿ ಸರಿಯಾಗಿ ತೇಲುತ್ತದೆ. ಮೀರಿದರೆ ತಳ ಆಳಕ್ಕಿಳಿದು ಸ್ಕಪ್ಪರ್ ರಂಧ್ರಗಳಿಂದ ನೀರು ಮೇಲಕ್ಕೆ ಬಂದು, ಸದಾ ಒದ್ದೆಯ ಸೀಟಿನ ಮೇಲೆ ಕೂತಿರಬೇಕಾಗುತ್ತದೆ.

ಇಬ್ಬರು ಕೂರುವ ದೋಣಿ ದಂಪತಿಗಳಿಗೆ ಆಕರ್ಷಕವಾಗಿ ಕಂಡರೂ ಅದರ ತೂಕ ಮೂವತ್ತು ಕಿಲೋ ದಾಟುತ್ತದೆ, ಒಬ್ಬರೇ ಹೋಗಬೇಕೆನಿಸಿದ ದಿನ ಅದು ಮನೆಯಲ್ಲೇ ಉಳಿಯುತ್ತದೆ. ಅನುಕೂಲವಿದ್ದವರು ಒಬ್ಬೊಬ್ಬರು ಕೂರುವ ಎರಡನ್ನು ಕೊಳ್ಳಲಿ. ಹೆಂಡತಿಯೋ ಗಂಡನೋ ತಪ್ಪಾಗಿ ಹುಟ್ಟುಹಾಕುತ್ತಿದ್ದಾರೆಂಬ ವಾಗ್ವಾದವೂ ಆಗ ತಪ್ಪುತ್ತದೆ.

ಲೈಫ್ ಜಾಕೆಟ್, ಹುಟ್ಟು

ದೋಣಿಗೆ ಮುಂಗಡ ಕೊಡುವ ಮೊದಲು ಲೈಫ್ ಜಾಕೆಟ್ ಕೊಳ್ಳಬೇಕು. ಪ್ರವಾಸಿ ತಾಣಗಳಲ್ಲಿ ತೊಡಿಸುವ, ಪಟ್ಟಿ ಸಡಿಲಾಗಿ ಕುತ್ತಿಗೆಗೆ ನೇತುಬಿದ್ದ ಕಿತ್ತಳೆ ಬಣ್ಣದ ಅಂಗಿಯನ್ನು ನೋಡಿ ಜಾಕೆಟ್ ಎಂದರೆ ಅಷ್ಟೇ ಎಂದುಕೊಂಡವರು ಬಹಳ. ಈಜು ಬಲ್ಲವರು ದಡದ ಸಮೀಪದ ನಿಂತ ನೀರಿನಲ್ಲಿ ತೊಡುವುದಕ್ಕೆಂದೇ ಐಎಸ್‌ಒ 12402-5 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ವಯಸ್ಕರ ಜಾಕೆಟ್ಟಿನ ಚೀಟಿಯಲ್ಲಿ ಆ ಸಂಖ್ಯೆ ಮತ್ತು 50 ನ್ಯೂಟನ್ (ತೇಲಿಸುವ ಬಲದ ಅಳತೆ) ಎಂದಿರಬೇಕು. ಈಜು ಬಾರದವರಿಗೆ ಅಷ್ಟು ಸಾಲದು, ಮುಖವನ್ನು ಮೇಲೆ ತಿರುಗಿಸುವಂತೆ ರೂಪಿಸಿದ 100 ನ್ಯೂಟನ್ನಿನ ಬಗೆಯನ್ನು ನೋಡಬೇಕು, ಮತ್ತು ದೋಣಿಗಿಂತ ಮೊದಲು ಈಜು ಕಲಿಯಬೇಕು. ಅಳತೆ ಪರೀಕ್ಷಿಸುವ ಕ್ರಮ ಹೀಗೆ: ಜಾಕೆಟ್ ತೊಟ್ಟು ಸೊಂಟದ ಪಟ್ಟಿಯಿಂದ ಆರಂಭಿಸಿ ಮೇಲಕ್ಕೆ ಒಂದೊಂದೇ ಬಿಗಿಯಿರಿ, ಬೇರೆಯವರಿಗೆ ಹೇಳಿ ಎರಡು ಹೆಗಲ ಪಟ್ಟಿಗಳನ್ನು ಹಿಡಿದು ಮೇಲಕ್ಕೆ ಎಳೆಸಿ. ಜಾಕೆಟ್ ಗದ್ದಕ್ಕೆ, ಕಿವಿಗೆ ಬಂದು ತಾಗಿದರೆ ಅದು ನಿಮ್ಮ ಅಳತೆಯದಲ್ಲ. ನೀರಿಗೆ ಬಿದ್ದಾಗ ಆಗುವುದೂ ಅದೇ, ಜಾಕೆಟ್ ಮೇಲಕ್ಕೇರಿ ತಲೆ ಕೆಳಗೆ ಉಳಿಯುತ್ತದೆ. ಜಾಕೆಟ್ಟಿಗೆ ಒಂದು ಸೀಟಿ ಕಟ್ಟಿಕೊಳ್ಳಿ, ವಿಶಾಲವಾದ ನೀರಿನಲ್ಲಿ ಕೂಗು ಕೇಳಿಸದಷ್ಟು ದೂರಕ್ಕೂ ಸೀಟಿಯ ಸದ್ದು ಹೋಗುತ್ತದೆ.

ಎರಡು ಕಡೆಯೂ ಅಲಗಿರುವ ಹುಟ್ಟನ್ನು ದೋಣಿಯ ಜೊತೆ ಉಚಿತವೆಂದು ಕೊಟ್ಟರೆ ತೂಗಿ ನೋಡಿ. ಒಂದು ಕಿಲೋಗಿಂತ ಬಹಳ ಹೆಚ್ಚಿದ್ದರೆ ಬೇರೆಯದನ್ನು ಕೊಳ್ಳುವುದು ಒಳ್ಳೆಯದು, ಏಕೆಂದರೆ ಗಂಟೆಯಲ್ಲಿ ಅದನ್ನು ಸಾವಿರಕ್ಕೂ ಹೆಚ್ಚು ಸಲ ಎತ್ತಬೇಕಾಗುತ್ತದೆ. ಮೇಲೆ ಹೇಳಿದ ಅಗಲದ ದೋಣಿಗೆ, ಐದೂವರೆ ಅಡಿ ಎತ್ತರದ ಆಸುಪಾಸಿನವರಿಗೆ 230 ಸೆಂಟಿಮೀಟರ್ ಉದ್ದದ ಹುಟ್ಟು ಹೊಂದುತ್ತದೆ. ಇನ್ನೂ ಅಗಲದ ದೋಣಿಯಾದರೆ 240. ಹಿಡಿಯುವಾಗ ಅಲಗಿನ ತಗ್ಗು ಭಾಗ ನಿಮ್ಮ ಕಡೆಗಿರಬೇಕು. ಕಾಲ್ಬೆರಳಿನ ಪಕ್ಕ ನೀರಿಗಿಳಿದ ಅಲಗು ಸೊಂಟದ ಪಕ್ಕ ಮೇಲೇಳಬೇಕು, ತೋಳಿನಿಂದ ಜಗ್ಗುವ ಬದಲು ಮೈಯನ್ನು ಸೊಂಟದಿಂದ ತಿರುಗಿಸಬೇಕು. ಇದನ್ನು ರೂಢಿಸಿಕೊಳ್ಳದವರಿಗೆ ಮರುದಿನ ಹೆಗಲು ನೋವು ಖಂಡಿತ.

ಹಳೆಯದನ್ನು ಕೊಳ್ಳುವವರಿಗೆ

ಹೋಮ್‌ಸ್ಟೇ, ರೆಸಾರ್ಟುಗಳು ದೋಣಿ ಬದಲಿಸುವಾಗ ಹಳೆಯವು ಕಡಿಮೆ ಬೆಲೆಗೆ ಸಿಗುವುದುಂಟು. ಅಂಥ ದೋಣಿ ವರ್ಷಗಟ್ಟಲೆ ಬಿಸಿಲಿನಲ್ಲಿ ಬಿದ್ದಿದ್ದರೆ ಪ್ಲಾಸ್ಟಿಕ್ಕಿನ ಬಣ್ಣ ಮಾಸಿ, ಕೈಯಾಡಿಸಿದರೆ ಸುಣ್ಣದಂಥ ಪುಡಿ ಹತ್ತುತ್ತದೆ. ಅದು ಒಡಕಿನ ಮುನ್ಸೂಚನೆ, ಬಿಟ್ಟುಬಿಡಿ. ದೋಣಿಯನ್ನು ಬೋರಲು ಹಾಕಿ ಸೀಟಿನ ಕೆಳಭಾಗ, ಸ್ಕಪ್ಪರ್ ರಂಧ್ರಗಳ ಒಳಅಂಚು ಮತ್ತು ಹಿಂಬದಿಯ ತುದಿಯನ್ನು ನೋಡಬೇಕು. ಕಲ್ಲಿನ ಮೇಲೆ ಎಳೆದ ದೋಣಿಗಳು ತುದಿಯಲ್ಲಿ ಸವೆದು ತೆಳುವಾಗಿರುತ್ತವೆ, ಹೆಬ್ಬೆರಳಿನಿಂದ ಒತ್ತಿದರೆ ಒಳಕ್ಕೆ ಬಗ್ಗುತ್ತದೆ. ಆಮೇಲೆ ದೋಣಿಯನ್ನು ಅರ್ಧ ಗಂಟೆ ನೀರಿನಲ್ಲಿ ಬಿಟ್ಟು, ಮೇಲೆತ್ತಿ, ಒಡಲಿನ ನೀರು ಹೊರಬಿಡುವ ರಂಧ್ರದ ಬಿರಡೆ ತೆಗೆದು ಓರೆಮಾಡಿ. ಒಂದು ಲೋಟದಷ್ಟು ನೀರು ಬಂದರೆ ಮೂಲ ಹುಡುಕಬಹುದು, ಬಕೆಟ್ ತುಂಬುವಷ್ಟು ಬಂದರೆ ವ್ಯಾಪಾರ ಬೇಡ. ಇಂಥ ಬಹುಪಾಲು ದೋಣಿಗಳ ಪಾಲಿಎಥಿಲೀನ್‌ಗೆ ಸಾಮಾನ್ಯ ಗೋಂದು ಅಂಟುವುದಿಲ್ಲ, ಅದೇ ಜಾತಿಯ ಪ್ಲಾಸ್ಟಿಕ್ ಕಡ್ಡಿಯನ್ನು ಕಾಯಿಸಿ ಬೆಸೆಯಬೇಕು. ನೀರಿನ ಟ್ಯಾಂಕ್ ರಿಪೇರಿ ಮಾಡುವವರಲ್ಲಿ ಈ ಕೈಚಳಕ ಇರುವವರು ಸಿಗುತ್ತಾರೆ.

ಮೊದಲು ಬೀಳುವುದನ್ನು ಕಲಿಯುವುದು

ದೋಣಿ ಮನೆಗೆ ಬಂದ ಮೇಲೆ ಮೊದಲ ದಿನವನ್ನು ಎದೆಮಟ್ಟದ ನೀರಿನಲ್ಲಿ, ಜೊತೆಗೊಬ್ಬ ಈಜು ಬಲ್ಲವರನ್ನು ನಿಲ್ಲಿಸಿಕೊಂಡು, ಬೇಕೆಂದೇ ದೋಣಿ ಮಗುಚುವುದಕ್ಕೆ ಮೀಸಲಿಡಬೇಕು. ಬಿದ್ದೊಡನೆ ಮಾಡಬೇಕಾದ ಮೊದಲ ಕೆಲಸವೆಂದರೆ ದೋಣಿಯನ್ನೂ ಹುಟ್ಟನ್ನೂ ಬಿಡದಿರುವುದು, ಗಾಳಿಯಿದ್ದರೆ ಖಾಲಿ ದೋಣಿ ನೀವು ಈಜುವುದಕ್ಕಿಂತ ವೇಗವಾಗಿ ತೇಲಿಹೋಗುತ್ತದೆ. ಮಗುಚಿದ ದೋಣಿಯ ನಡುಭಾಗಕ್ಕೆ ಬಂದು, ತಳದ ಮೇಲಿಂದ ಕೈಚಾಚಿ ಆಚೆಯ ಅಂಚನ್ನು ಹಿಡಿದು ನಿಮ್ಮತ್ತ ಎಳೆದರೆ ಅದು ಹೊರಳಿ ನೆಟ್ಟಗಾಗುತ್ತದೆ. ಇನ್ನು ಹತ್ತುವುದು. ಇಲ್ಲಿ ಬಹುತೇಕರು ಎಡವುತ್ತಾರೆ: ಕಾಲುಗಳನ್ನು ದೋಣಿಯ ಕೆಳಗೆ ಇಳಿಬಿಟ್ಟುಕೊಂಡು ತೋಳಿನ ಬಲದಿಂದ ಮೇಲೇರಲು ಹೋಗುತ್ತಾರೆ, ದೋಣಿ ಮತ್ತೆ ಅವರ ಮೇಲೆಯೇ ಮಗುಚುತ್ತದೆ. ಮೊದಲು ಕಾಲುಗಳನ್ನು ಹಿಂದಕ್ಕೆ ಚಾಚಿ, ನೀರಿನ ಮೇಲ್ಮೈಗೆ ಬರುವಂತೆ ಬಡಿಯಬೇಕು. ಮೈ ನೀರಿನ ಮೇಲೆ ಅಡ್ಡಲಾಗಿ ಬಂದಾಗ ಒಂದು ಕೈ ಈಚೆಯ ಅಂಚಿನಲ್ಲಿ, ಇನ್ನೊಂದು ಆಚೆಯ ಅಂಚಿನಲ್ಲಿ ಇಟ್ಟು, ದೋಣಿಯನ್ನು ಹೊಟ್ಟೆಯ ಕೆಳಗೆ ಎಳೆದುಕೊಳ್ಳುವಂತೆ ಮುಂದಕ್ಕೆ ಸರಿಯಬೇಕು. ಹೊಕ್ಕುಳು ಸೀಟಿನ ಮೇಲೆ ಬಂದ ಮೇಲೆ ಅವಸರಪಡದೆ ಮಗ್ಗುಲಾಗಿ ಹೊರಳಿ, ಪೃಷ್ಠವನ್ನು ಸೀಟಿನಲ್ಲಿ ಇಳಿಸಿ, ಕೊನೆಯಲ್ಲಿ ಕಾಲುಗಳನ್ನು ಒಂದೊಂದಾಗಿ ಒಳಗೆ ತಂದುಕೊಳ್ಳಬೇಕು. ದಣಿದಿರುವಾಗಲೂ ಇದನ್ನು ಮಾಡಬಲ್ಲಿರಿ ಎಂಬ ಭರವಸೆ ಬರುವವರೆಗೆ ದಡದಿಂದ ದೂರ ಹೋಗಬಾರದು. ಕ್ರಮಬದ್ಧವಾಗಿ ಕಲಿಯಬಯಸುವವರು ರಾಜ್ಯ ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯ ಜಲಸಾಹಸ ತರಬೇತಿಗಳನ್ನು ವಿಚಾರಿಸಬಹುದು.

ಗಾಳಿ, ಸಿಡಿಲು, ಕೋಡಿ, ಆನೆ

ಬೆಳಗಿನ ನೀರು ನಿಶ್ಚಲವಾಗಿದ್ದರೂ ಮಧ್ಯಾಹ್ನದ ಹೊತ್ತಿಗೆ ವಿಶಾಲವಾದ ಹಿನ್ನೀರಿನಲ್ಲಿ ಗಾಳಿಯೆದ್ದು ಅಲೆಗಳು ಏಳುತ್ತವೆ. ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ಬರುವಾಗ ಗಾಳಿಯ ಜೊತೆ ಬರುವಂತೆ ದಾರಿ ಹಾಕಿಕೊಂಡರೆ ದಣಿದ ತೋಳಿಗೆ ನೆರವಾಗುತ್ತದೆ. ಏಪ್ರಿಲ್, ಮೇ ತಿಂಗಳ ಮಳೆ ಸಿಡಿಲಿನೊಂದಿಗೇ ಬರುವುದರಿಂದ ಗುಡುಗು ಕೇಳಿದ ಕೂಡಲೇ ದಡ ಸೇರಿ, ಕೊನೆಯ ಗುಡುಗಿನ ಅರ್ಧ ಗಂಟೆಯವರೆಗೆ ನೀರಿಗೆ ಇಳಿಯಬಾರದು. ಕೆರೆಗಳಲ್ಲಿ ತೂಬಿನ ಹತ್ತಿರ, ಕೋಡಿಯ ಹತ್ತಿರ ಹೋಗಲೇಬಾರದು. ಕೋಡಿ ಬಿದ್ದ ಕೆರೆ ಮೇಲಿನಿಂದ ನೋಡಿದರೆ ಶಾಂತವಾಗಿಯೇ ಕಾಣುತ್ತದೆ, ಆದರೆ ಹತ್ತಿರ ಹೋದ ದೋಣಿಯನ್ನು ಸೆಳೆತ ಬಿಡುವುದಿಲ್ಲ. ಹೊಳೆಗಳಿಗೆ ಅಡ್ಡ ಕಟ್ಟಿದ ಕಿರು ಅಣೆಕಟ್ಟುಗಳು ಇನ್ನೂ ಅಪಾಯಕರ: ಮೇಲಿಂದ ಬಿದ್ದ ನೀರು ಕೆಳಗೆ ಮರಳಿ ಅಣೆಯತ್ತಲೇ ಉರುಳುವುದರಿಂದ, ಸಿಕ್ಕಿಕೊಂಡವರನ್ನು ಲೈಫ್ ಜಾಕೆಟ್ ಕೂಡ ಹೊರಕ್ಕೆ ಬಿಡಿಸಲಾರದು.

ಸಕಲೇಶಪುರ, ಆಲೂರು, ಬೇಲೂರು ಕಡೆಯ ನೀರಿನಂಚಿನಲ್ಲಿ ಆನೆಗಳು ಬರುವುದು ಇಲ್ಲಿಯವರಿಗೆ ಹೊಸ ಸುದ್ದಿಯಲ್ಲ. ಮುಂಜಾವಿನ ಮತ್ತು ಸಂಜೆಯ ಮಬ್ಬಿನಲ್ಲಿ ಕಾಡಂಚಿನ ದಡಕ್ಕೆ ದೋಣಿ ಹಚ್ಚಬೇಡಿ, ಹೊರಡುವ ಮೊದಲು ಆ ಊರಿನವರಲ್ಲಿ ಒಂದು ಮಾತು ವಿಚಾರಿಸಿ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂಬುದನ್ನು ಮನೆಯಲ್ಲಿ ಹೇಳಿರಬೇಕು, ಮಲೆನಾಡಿನ ಕಣಿವೆಗಳಲ್ಲಿ ಮೊಬೈಲ್ ಸಿಗ್ನಲ್ಲನ್ನು ನೆಚ್ಚಿಕೊಳ್ಳುವಂತಿಲ್ಲ. ಕೈಕಾಲಿನಲ್ಲಿ ಗಾಯವಿದ್ದರೆ ನಿಂತ ನೀರಿನಿಂದ ಇಲಿಜ್ವರ ತಗಲಬಹುದಾದ್ದರಿಂದ ಗಾಯ ಮುಚ್ಚಿಕೊಳ್ಳಿ, ಇಲ್ಲವೇ ಆ ವಾರ ಬಿಡಿ. ಏರಿಯ ಮೇಲೆ ನೋಡುತ್ತ ನಿಂತ ಮಕ್ಕಳು ‘ಅಣ್ಣಾ, ಒಂದ್ ರೌಂಡು’ ಎಂದು ಕೇಳದೆ ಇರುವುದಿಲ್ಲ. ಅವರ ಅಳತೆಯ ಜಾಕೆಟ್ ನಿಮ್ಮಲ್ಲಿಲ್ಲವೆಂದ ಮೇಲೆ, ಎಷ್ಟೇ ಮುದ್ದಾಗಿ ಕೇಳಿದರೂ ಇಲ್ಲವೆನ್ನಬೇಕು.

ಒಯ್ಯುವುದು

ಕಾರಿನ ಮೇಲೆ ಕಟ್ಟುವಾಗ ದೋಣಿಯನ್ನು ಬೋರಲು ಹಾಕಿ, ಕ್ಯಾರಿಯರ್ ಸರಳಿಗೂ ದೋಣಿಗೂ ನಡುವೆ ದಪ್ಪ ಫೋಮ್ ಇಟ್ಟು, ಅಗಲದ ಎರಡು ಬೆಲ್ಟುಗಳಿಂದ ಬಿಗಿಯಬೇಕು. ಲಾರಿಯವರು ಬಳಸುವ ರ‍್ಯಾಚೆಟ್ ಬೆಲ್ಟಿನಿಂದ ಜಗ್ಗಿ ಬಿಗಿದರೆ ಬಿಸಿಲಿಗೆ ಮೆತ್ತಗಾದ ಪ್ಲಾಸ್ಟಿಕ್ ತಗ್ಗಾಗಿ ಉಳಿದುಬಿಡುತ್ತದೆ. ಮುಂದಿನ ಮತ್ತು ಹಿಂದಿನ ತುದಿಗಳನ್ನು ಬಂಪರಿನ ಕೆಳಗಿನ ಕೊಕ್ಕೆಗಳಿಗೆ ಹಗ್ಗದಿಂದ ಕಟ್ಟುವುದನ್ನು ಬಿಡಬಾರದು. ಘಾಟಿಯ ತಿರುವಿನಲ್ಲಿ ಎದುರಿನಿಂದ ಬಸ್ಸು ಬಂದಾಗ ಬೀಸುವ ಗಾಳಿ ದೋಣಿಯ ಮೂತಿಯನ್ನು ಎತ್ತಬಲ್ಲದು. ತೋಟದವರಿಗೆ ಪಿಕಪ್ ಇದ್ದೇ ಇರುತ್ತದೆ, ಹಿಂದಕ್ಕೆ ಚಾಚಿದ ತುದಿಗೆ ಕೆಂಪು ಬಟ್ಟೆ ಕಟ್ಟಿದರಾಯಿತು.

ಮಳೆಗಾಲದ ತಿಂಗಳುಗಳು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೋಣಿ ನೀರಿನಲ್ಲಿರುವುದಕ್ಕಿಂತ ಮನೆಯಲ್ಲೇ ಹೆಚ್ಚಿರುತ್ತದೆ, ಅದು ಹಾಳಾಗುವುದೂ ಆಗಲೇ. ಗಟ್ಟಿ ದೋಣಿಯನ್ನು ನೆಲದ ಮೇಲೆ ತಳ ಊರಿ ಇಡದೆ, ಗೋಣಿ ಸುತ್ತಿದ ಎರಡು ಮರದ ಅಡ್ಡೆಗಳ ಮೇಲೆ ಮಗ್ಗುಲಾಗಿ ನಿಲ್ಲಿಸಬೇಕು. ತುದಿಯ ಹಿಡಿಗಳಿಗೆ ಹಗ್ಗ ಕಟ್ಟಿ ಜಂತಿಗೆ ತೂಗುಹಾಕಿದರೆ ನಡುಭಾಗ ಜೋತುಬೀಳುತ್ತದೆ, ತೂಗುಹಾಕಲೇಬೇಕೆಂದರೆ ಅಗಲದ ಪಟ್ಟಿಗಳು ಒಡಲಿನ ಕೆಳಗೆ ಹಾದುಹೋಗಿರಬೇಕು. ತಗಡಿನ ಮಾಡಿನ ಕೆಳಗೆ ಇಡುವುದಾದರೆ ಬೇಸಿಗೆಯಲ್ಲಿ ಮಾಡಿಗೂ ದೋಣಿಗೂ ಸಾಕಷ್ಟು ಅಂತರವಿರಲಿ. ಟಾರ್ಪಾಲನ್ನು ದೋಣಿಗೆ ಅಂಟಿಕೊಳ್ಳುವಂತೆ ಹೊದಿಸಬಾರದು. ಬಿರಡೆಯನ್ನು ತೆಗೆದಿಟ್ಟರೆ ಒಡಲಿನೊಳಗೆ ಗಾಳಿಯಾಡುತ್ತದೆ, ಆದರೆ ರಂಧ್ರಕ್ಕೆ ಸೊಳ್ಳೆ ಪರದೆಯ ತುಂಡೊಂದನ್ನು ಕಟ್ಟದಿದ್ದರೆ ಒಳಗೆ ಜಿರಲೆ, ಇರುವೆಗಳ ಸಂಸಾರ ಹೂಡಿರುತ್ತದೆ.

ಗಾಳಿ ತುಂಬುವ ದೋಣಿಗೆ ಮಲೆನಾಡಿನ ಮಳೆಗಾಲಕ್ಕಿಂತ ದೊಡ್ಡ ಶತ್ರುವಿಲ್ಲ. ಮಡಿಕೆಗಳ ನಡುವೆ ಒಂದಿಷ್ಟು ತೇವ ಉಳಿದರೂ ಬೂಷ್ಟು ಹಿಡಿದು ಅಂಟು ಬಿಡುತ್ತದೆ. ಕೊನೆಯ ಸಲ ಬಳಸಿದ ಮೇಲೆ ಸಿಹಿನೀರಿನಲ್ಲಿ ತೊಳೆದು, ಒಳಸೀಟನ್ನು ಬಿಚ್ಚಿ, ಹೊಲಿಗೆಯ ಸಂದುಗಳನ್ನು ಒಣಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಎರಡು ದಿನ ಗಾಳಿಗೆ ಬಿಟ್ಟು, ಆಮೇಲೆ ಸಡಿಲಾಗಿ ಸುತ್ತಿ ಅಟ್ಟದ ಮೇಲೋ ಒಲೆಯ ಬೆಚ್ಚನೆ ತಲುಪುವ ಒಣ ಕೋಣೆಯಲ್ಲೋ ಇಡಬೇಕು. ಇಲಿ ಕಡಿದ ತೂತನ್ನು ತೇಪೆಯಿಂದ ಮುಚ್ಚಬಹುದಾದರೂ ಮಡಿಸಿದ ಸ್ಥಿತಿಯಲ್ಲಿ ಕಡಿದಾಗ ಒಂದೇ ಕಚ್ಚಿಗೆ ನಾಲ್ಕೈದು ಪದರ ಹೋಗಿರುತ್ತದೆ, ಆದ್ದರಿಂದ ಮುಚ್ಚಳವಿರುವ ಡ್ರಮ್ಮಿನಲ್ಲಿ ಹಾಕಿಡುವವರ ಜಾಣತನವನ್ನು ಮೆಚ್ಚಬೇಕು. ಅಕ್ಟೋಬರಿನಲ್ಲಿ ಹೊರತೆಗೆದಾಗ ಗಾಳಿ ತುಂಬಿ ಒಂದು ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಮೆತ್ತಗಾಗಿದ್ದರೆ ಸೋಪಿನ ನೊರೆ ಹಚ್ಚಿ, ಗುಳ್ಳೆಯೇಳುವ ಜಾಗ ಕಂಡುಹಿಡಿದು ತೇಪೆ ಹಾಕಿ. ಲೈಫ್ ಜಾಕೆಟ್ಟನ್ನೂ ಅದೇ ದಿನ ತೊಟ್ಟು ಆಳವಿಲ್ಲದ ನೀರಿನಲ್ಲಿ ತೇಲಿ ನೋಡಿ. ಗದ್ದ ನೀರಿಗೆ ತಾಗುವಷ್ಟು ಕೆಳಗಿಳಿದರೆ ಒಳಗಿನ ಫೋಮ್ ಸತ್ತಿದೆ ಎಂದರ್ಥ, ಅದನ್ನು ಬೇರೆಯವರಿಗೆ ದಾನ ಕೊಡದೆ ಕತ್ತರಿಸಿ ಎಸೆದು ಹೊಸದನ್ನು ತರಬೇಕು.